ವಿಮಾನದ ಗಂಟೆಯಿಂದ ಹಿಂದಕ್ಕೆ: ಯುರೋಪ್ ಬಸ್ ಪ್ರವಾಸದ ಕೊನೆಯ ದಿನಗಳು

ಕಾಸರಗೋಡು, ಕುಂಬಳೆ, ಬದಿಯಡ್ಕ ಕಡೆಯಿಂದ ಯುರೋಪಿಗೆ ಹೊರಡುವ ತಂಡಗಳ ದಾರಿ ಹೆಚ್ಚುಕಡಿಮೆ ಒಂದೇ. ಪ್ಯಾರಿಸಿನಲ್ಲಿ ಇಳಿಯುವುದು, ಬಸ್ಸಿನಲ್ಲಿ ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ ದಾಟುವುದು, ವೆನಿಸ್, ಫ್ಲಾರೆನ್ಸ್, ಪೀಸಾ ನೋಡಿ ರೋಮಿನಿಂದ ವಿಮಾನ ಹತ್ತುವುದು. ಹಿಮ ನೋಡುವ ತನಕ ಎಲ್ಲ ಸುಸೂತ್ರ. ರಗಳೆಗಳು ಒಂದರ ಹಿಂದೊಂದು ಹುಟ್ಟುವುದು ಇಟಲಿಗೆ ಇಳಿದ ಮೇಲೆ. ಪೆಟ್ಟಿಗೆ ಭಾರವಾಗಿರುತ್ತದೆ, ಕಾಲು ಸೋತಿರುತ್ತದೆ, ಕೈಯಲ್ಲಿ ಬಿಲ್ಲುಗಳ ಕಂತೆ ಇರುತ್ತದೆ. ಅಷ್ಟಾದರೂ ಎಲ್ಲರೂ ಇನ್ನೂ ಏನೇನು ನೋಡಲಿಕ್ಕಿದೆ ಎಂದೇ ಲೆಕ್ಕ ಹಾಕುತ್ತಿರುತ್ತಾರೆ. ತಂಡ ಕರಕೊಂಡು ಹೋಗುವ ನಾವು ಮಾತ್ರ ಆ ಹೊತ್ತಿಗೆ ವಿಮಾನದ ಗಂಟೆಯಿಂದ ಹಿಂದಕ್ಕೆ ಎಣಿಸಲು ಶುರುಮಾಡಿರುತ್ತೇವೆ.

ಆ ಎಣಿಕೆ ಹೀಗೆ. ವಿಮಾನ ಮಧ್ಯಾಹ್ನ 3ಕ್ಕೆ ಎಂದಿಟ್ಟುಕೊಳ್ಳಿ. ಕೌಂಟರ್ ತೆರೆಯುವುದು ಸಾಮಾನ್ಯವಾಗಿ 3 ತಾಸು ಮೊದಲು, ಅಂದರೆ 12ಕ್ಕೆ. ಕೊಂಡ ಮಾಲಿನ ಮೇಲೆ ಅಂಗಡಿಯಲ್ಲಿ ಕಟ್ಟಿದ ತೆರಿಗೆಯನ್ನು ವಾಪಸು ಪಡೆಯುವ ಸಾಲಿಗೆ ಒಂದು ತಾಸು ಬಿಡಬೇಕು, ಆದ್ದರಿಂದ ರೋಮಿನ ಫ್ಯೂಮಿಚಿನೊ ವಿಮಾನ ನಿಲ್ದಾಣಕ್ಕೆ 11ಕ್ಕೆ ಮುಟ್ಟಬೇಕು. ರೋಮ್ ನಗರದಿಂದ ಅಲ್ಲಿಗೆ ಸುಮಾರು 30 ಕಿಲೋಮೀಟರ್. ಬೆಳಗ್ಗಿನ ವಾಹನ ದಟ್ಟಣೆಗೆ ಒಂದೂಕಾಲು ತಾಸು ಇಟ್ಟರೆ ಬಸ್ಸು 9.45ಕ್ಕೆ ಹೊರಡಬೇಕು. ನಲವತ್ತು ಜನರ ಪೆಟ್ಟಿಗೆ ಬಸ್ಸಿನ ಹೊಟ್ಟೆಗೆ ಹೋಗಲು ಅರ್ಧ ತಾಸು. ಲಿಫ್ಟ್ ಎರಡೇ ಇರುವ ಹೋಟೆಲಿನಲ್ಲಿ ಪೆಟ್ಟಿಗೆಗಳು ಕೆಳಗಿಳಿಯಲು ಇನ್ನೊಂದು ಮುಕ್ಕಾಲು ತಾಸು. ಹಾಗಾಗಿ 8.30ಕ್ಕೆ ಪೆಟ್ಟಿಗೆ ಕೋಣೆಯ ಬಾಗಿಲಾಚೆ ಇರಬೇಕು. ತಿಂಡಿ ಅದಕ್ಕೂ ಮೊದಲು. ಬೆಳಗ್ಗೆ ಎದ್ದು ಕಟ್ಟಿದರಾಯಿತು ಎಂದುಕೊಂಡವರಿಗೆ ಆ ಬೆಳಗ್ಗೆ ಇಲ್ಲವೇ ಇಲ್ಲ.

ಇದರ ಜೊತೆಗೆ ಬಸ್ಸಿನ ಚಾಲಕರ ಗಂಟೆಗಳನ್ನೂ ನೋಡಬೇಕು. ಇದನ್ನು ಅರ್ಥಮಾಡಿಕೊಳ್ಳದವರಿಗೆ ಚಾಲಕ ಹಠಮಾರಿ ಎಂದೇ ತೋರುತ್ತದೆ. ಯುರೋಪಿಯನ್ ಒಕ್ಕೂಟದ 561/2006 ನಿಯಮದಂತೆ ಒಬ್ಬ ಚಾಲಕ ದಿನಕ್ಕೆ 9 ತಾಸು ಓಡಿಸಬಹುದು, ವಾರಕ್ಕೆ ಎರಡು ದಿನ ಮಾತ್ರ 10 ತಾಸು. ನಾಲ್ಕೂವರೆ ತಾಸು ಓಡಿಸಿದ ಮೇಲೆ 45 ನಿಮಿಷ ವಿಶ್ರಾಂತಿ ಕಡ್ಡಾಯ. ರಾತ್ರಿ 11 ತಾಸು ಬಿಡುವು ಬೇಕು, ಕೆಲವು ದಿನ ಅದನ್ನು 9ಕ್ಕೆ ಇಳಿಸಲಿಕ್ಕಾಗುತ್ತದೆ. ಇದೆಲ್ಲ ಟ್ಯಾಕೋಗ್ರಾಫ್ ಎಂಬ ಯಂತ್ರದಲ್ಲಿ ದಾಖಲಾಗುತ್ತದೆ. ಪೊಲೀಸರು ದಾರಿಯಲ್ಲಿ ತಡೆದು ಹಿಂದಿನ ದಿನಗಳ ಲೆಕ್ಕವನ್ನೂ ನೋಡುತ್ತಾರೆ. 11 ತಾಸಿನ ಬಿಡುವು ಬೇಕಾದ ದಿನ ಬೆಳಗ್ಗೆ 8ಕ್ಕೆ ಕೆಲಸ ಹಿಡಿದವನು ರಾತ್ರಿ 9ರ ಒಳಗೆ ಬಸ್ಸು ನಿಲ್ಲಿಸಲೇಬೇಕು. ಆ 13 ತಾಸಿನಲ್ಲಿ ನಮ್ಮನ್ನು ಇಳಿಸಿ ಖಾಲಿ ಬಸ್ಸನ್ನು ತಂಗುದಾಣಕ್ಕೆ ಒಯ್ಯುವ ಹೊತ್ತೂ ಸೇರಿದೆ. ರಾತ್ರಿ 10ರ ವಿಮಾನವಿದ್ದರೂ ಸಂಜೆ 6ಕ್ಕೇ ನಿಲ್ದಾಣದಲ್ಲಿ ಬಿಟ್ಟು ಹೋಗುವುದು ಇದಕ್ಕೇ. ಬಸ್ಸಿನ ವೇಗಕ್ಕೂ ಗಂಟೆಗೆ 100 ಕಿಲೋಮೀಟರಿನ ಮಿತಿಯಿದೆ, ಎಂಜಿನ್‌ನಲ್ಲೇ ಅದಕ್ಕೆ ಬೀಗ. ಹಾಗಾಗಿ ತಡವಾದದ್ದನ್ನು ರಸ್ತೆಯಲ್ಲಿ ಸರಿಮಾಡಿಕೊಳ್ಳುವ ನಮ್ಮೂರ ಖಾಸಗಿ ಬಸ್ಸಿನ ವಿದ್ಯೆ ಅಲ್ಲಿ ನಡೆಯುವುದಿಲ್ಲ.

ಹೆದ್ದಾರಿ ಬದಿಯ ನಿಲುಗಡೆಯಲ್ಲಿ ನಡೆಯುವ ಒಂದು ತಕರಾರು ಹೇಳಲೇಬೇಕು. ಬಸ್ಸು ನಿಂತು ಇಪ್ಪತ್ತು ನಿಮಿಷವಾಗಿರುತ್ತದೆ, ಯಾರಿಗೋ ಮಾತ್ರೆಯ ಡಬ್ಬಿ ಪೆಟ್ಟಿಗೆಯಲ್ಲಿ ಉಳಿದದ್ದು ನೆನಪಾಗುತ್ತದೆ. ಚಾಲಕ ಕಾಫಿ ಕುಡಿಯುತ್ತ ನಿಂತಿದ್ದಾನೆ, ಬಸ್ಸಿನ ಹೊಟ್ಟೆ ತೆಗೆಯಲು ಒಪ್ಪುವುದಿಲ್ಲ. ಕಾರಣ ಸರಳ. ವಿಶ್ರಾಂತಿಯ ಹೊತ್ತಿನಲ್ಲಿ ಓಡಿಸುವುದಷ್ಟೇ ಅಲ್ಲ, ಬೇರೆ ಕೆಲಸ ಮಾಡುವುದೂ ವಿಶ್ರಾಂತಿಯನ್ನು ಮುರಿಯುತ್ತದೆ. ಬಸ್ಸನ್ನು ನಾಲ್ಕು ಮಾರು ಮುಂದಕ್ಕೆ ತಂದು ನಿಲ್ಲಿಸಿದರೂ ಅಷ್ಟೇ. ಆಮೇಲೆ ನಿಮಿಷಗಳ ಲೆಕ್ಕ ಹೊಸದಾಗಿ ಆಗಬೇಕು. ದಿನಕ್ಕೆ ಬೇಕಾದ ಮಾತ್ರೆ, ಸ್ವೆಟರ್, ಕೊಡೆ ಕೈಚೀಲದಲ್ಲಿದ್ದರೆ ಈ ಮಂಡೆಬಿಸಿ ಇಲ್ಲ. ಹೇಗೂ ನಲವತ್ತು ಜನ ಶೌಚಾಲಯ ಮುಗಿಸಿ, ಕಾಫಿ ಕುಡಿದು ಬರಲು 45 ನಿಮಿಷ ಸರಿಯಾಗಿ ಬೇಕು. ಇಟಲಿಯ ಈ ನಿಲುಗಡೆಗಳ ಕಾಫಿ ಬಾರ್‌ಗಳಲ್ಲಿ ಮೊದಲು ಗಲ್ಲೆಯಲ್ಲಿ ಹಣ ಕಟ್ಟಿ, ಚೀಟಿ ಹಿಡಿದು ಕೌಂಟರಿಗೆ ಹೋಗುವ ಕ್ರಮ ಹೆಚ್ಚು. ಚೀಟಿಯಿಲ್ಲದೆ ಕೌಂಟರಿನಲ್ಲಿ ನಿಂತರೆ ಎಷ್ಟು ಹೊತ್ತಾದರೂ ಯಾರೂ ಮಾತಾಡಿಸುವುದಿಲ್ಲ.

ವೆನಿಸಿನಲ್ಲಿ ಬಸ್ಸು ಟ್ರೊಂಕೆಟ್ಟೊ ದ್ವೀಪದ ತನಕ ಮಾತ್ರ. ಅಲ್ಲಿಂದ ದೋಣಿಯಲ್ಲಿ ಸಾನ್ ಮಾರ್ಕೊ ಕಡೆಗೆ ಹೋಗಬೇಕು. 2024ರಿಂದ ಅಲ್ಲಿ ಎರಡು ನಿಯಮ ಹೊಸತು. ಮಾರ್ಗದರ್ಶಿಯ ಹಿಂದೆ ಹೋಗುವ ತಂಡದಲ್ಲಿ 25 ಜನಕ್ಕಿಂತ ಹೆಚ್ಚು ಇರಬಾರದು, ಧ್ವನಿವರ್ಧಕ ಹಿಡಿದು ಬೊಬ್ಬೆ ಹಾಕುವಂತಿಲ್ಲ. ನಲವತ್ತರ ತಂಡ ಎರಡಾಗಲೇಬೇಕು. ಗಂಡ ಒಂದರಲ್ಲಿ, ಹೆಂಡತಿ ಇನ್ನೊಂದರಲ್ಲಿ ಸೇರಿ ಹುಡುಕಾಟ ಶುರುವಾಗದಂತೆ ಹಿಂದಿನ ರಾತ್ರಿಯೇ ಪಟ್ಟಿ ಓದಬೇಕು. ಇನ್ನೊಂದು ಪ್ರವೇಶ ಶುಲ್ಕ. ವರ್ಷದ ಕೆಲವು ಗೊತ್ತಾದ ದಿನಗಳಲ್ಲಿ ಬೆಳಗ್ಗೆ 8.30ರಿಂದ ಸಂಜೆ 4ರ ತನಕ ಬರುವ ದಿನದ ಪ್ರವಾಸಿಗೆ 2025ರಲ್ಲಿ 5 ಯೂರೋ ಇತ್ತು, ಕೊನೆ ಗಳಿಗೆಯಲ್ಲಿ ಕಟ್ಟಿದರೆ 10. ವೆನಿಸ್ ನಗರಸಭೆಗೇ ಸೇರಿದ ಮೆಸ್ತ್ರೆಯಲ್ಲಿ ತಂಗಿದವರಿಗೆ ವಿನಾಯಿತಿ ಇದೆ, ಆದರೆ ಆ ವಿನಾಯಿತಿಯ ಕ್ಯುಆರ್ ಕೋಡ್ ತೆಗೆದಿರಬೇಕು. ಪಾದುವಾ, ತ್ರೆವೀಸೊ ಕಡೆ ಹೋಟೆಲ್ ಮಾಡಿದವರಿಗೆ ಅದಿಲ್ಲ. ಅಗ್ಗದ ಹೋಟೆಲೆಂದು ದೂರ ಇಳಿಸುವ ಏಜೆನ್ಸಿಗಳ ಬಳಿ ಈ ಶುಲ್ಕ ಪ್ಯಾಕೇಜಿನಲ್ಲಿ ಸೇರಿದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಫ್ಲಾರೆನ್ಸ್, ಪೀಸಾ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಎರಡೂ ಕಡೆ ಬಸ್ಸು ದೂರ ನಿಲ್ಲುತ್ತದೆ, ನಡೆಯಲಿಕ್ಕಿದೆ. ಪೀಸಾದ ವಾಲುಗೋಪುರದ ದಾರಿಯುದ್ದಕ್ಕೂ ನೆಲದ ಮೇಲೆ ಹರವಿಟ್ಟ ದೊಡ್ಡ ಬ್ರಾಂಡಿನ ಚೀಲಗಳು, ಬೆಲ್ಟುಗಳು ಕಾಣುತ್ತವೆ. ಅವು ನಕಲಿ ಎಂದು ಎಲ್ಲರಿಗೂ ಗೊತ್ತು. ಗೊತ್ತಿರದ ಸಂಗತಿಯೆಂದರೆ ಇಟಲಿಯಲ್ಲಿ ನಕಲಿ ಮಾಲು ಕೊಂಡವನಿಗೂ ದಂಡ ಇದೆ, 300 ಯೂರೋದಿಂದ 7,000 ಯೂರೋದ ತನಕ.

ಈಗ ತೆರಿಗೆ ವಾಪಸಿನ ವಿಷಯ. ತಂಡದಲ್ಲಿ ಅತಿ ಹೆಚ್ಚು ಜನ ಹಣ ಕಳಕೊಳ್ಳುವುದು ಇಲ್ಲಿ. ಅದೂ ರೋಮಿನಲ್ಲಿ ಅಲ್ಲ, ಮೂರು ನಾಲ್ಕು ದಿನ ಮೊದಲೇ, ಸ್ವಿಸ್ ಗಡಿಯಲ್ಲಿ. ಸ್ವಿಟ್ಜರ್ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿಲ್ಲ. ಲುಟ್ಸರ್ನ್‌ನಲ್ಲಿ ಒಂದು ಅಂಗಡಿಯಲ್ಲಿ 300 ಫ್ರಾಂಕಿಗಿಂತ ಹೆಚ್ಚಿನ ವಾಚು ಕೊಂಡರೆ ತೆರಿಗೆ ವಾಪಸಿನ ಚೀಟಿ ಕೊಡುತ್ತಾರೆ. ಅಲ್ಲಿಯ ತೆರಿಗೆ 2024ರಿಂದ ಶೇಕಡಾ 8.1. ಆ ಚೀಟಿಗೆ ಮುದ್ರೆ ಬೀಳಬೇಕಾದದ್ದು ಸ್ವಿಸ್ ಕಸ್ಟಮ್ಸ್‌ನಲ್ಲಿ, ದೇಶ ಬಿಡುವಾಗ. ಪ್ರವಾಸಿ ಬಸ್ಸುಗಳು ಸಾಮಾನ್ಯವಾಗಿ ನಡುವಿನ ಪುಟ್ಟ ದೇಶ ಲಿಕ್ಟನ್‌ಸ್ಟೈನಿನ ರಾಜಧಾನಿ ವಡೂಸ್ ನೋಡಿಕೊಂಡು ಆಸ್ಟ್ರಿಯಾಕ್ಕೆ ಹೋಗುತ್ತವೆ. ಲಿಕ್ಟನ್‌ಸ್ಟೈನಿಗೂ ಸ್ವಿಟ್ಜರ್ಲೆಂಡಿಗೂ ಕಸ್ಟಮ್ಸ್ ಒಂದೇ, ಆದ್ದರಿಂದ ಮುದ್ರೆಯ ಜಾಗ ಅವೆರಡರ ನಡುವಿನ ಗಡಿಯಲ್ಲಿಲ್ಲ. ಆಸ್ಟ್ರಿಯಾದ ಫೆಲ್ಡ್‌ಕಿರ್ಖ್ ಊರಿಗೆ ಮೊದಲು ಸಿಗುವ ಶಾನ್‌ವಾಲ್ಡ್ ಠಾಣೆಯಲ್ಲಿದೆ. ಒಂದೇ ವೀಸಾದ ಷೆಂಗೆನ್ ದೇಶಗಳ ನಡುವಿನ ಗಡಿಯಾದ್ದರಿಂದ ಪಾಸ್‌ಪೋರ್ಟ್ ಕೇಳುವುದಿಲ್ಲ, ಬಸ್ಸು ನಿಲ್ಲದೆ ದಾಟುತ್ತದೆ. ಹಿಂದಿನ ದಿನವೇ ಟೂರ್ ಮ್ಯಾನೇಜರಿಗೆ ಹೇಳಿ ನಿಲ್ಲಿಸಿಕೊಳ್ಳಬೇಕು, ವಾಚು ಕೈಚೀಲದಲ್ಲಿರಬೇಕು, ಏಕೆಂದರೆ ಅಧಿಕಾರಿ ವಸ್ತುವನ್ನೇ ನೋಡಬಹುದು. ರೋಮಿನಲ್ಲಿ ಇದೇ ಚೀಟಿ ಹಿಡಿದು ನಿಂತರೆ ಇಟಲಿಯವರು ಮುದ್ರೆ ಹಾಕುವುದಿಲ್ಲ. ಹಾಕುವ ಅಧಿಕಾರವೂ ಅವರಿಗಿಲ್ಲ.

ಒಕ್ಕೂಟದ ದೇಶಗಳದ್ದು ತದ್ವಿರುದ್ಧ. ಪ್ಯಾರಿಸಿನಲ್ಲಿ ಕೊಂಡದ್ದು, ಆಸ್ಟ್ರಿಯಾದ ವಾಟೆನ್ಸ್‌ನಲ್ಲಿ ಕೊಂಡ ಹರಳು, ಫ್ಲಾರೆನ್ಸಿನ ಚರ್ಮದ ಜಾಕೆಟ್, ಇವಕ್ಕೆಲ್ಲ ಮುದ್ರೆ ಕೊನೆಯ ನಿಲ್ದಾಣವಾದ ರೋಮಿನಲ್ಲೇ. ಫ್ರಾನ್ಸಿನಲ್ಲಿ ಒಂದೇ ಅಂಗಡಿಯ ಖರೀದಿ 100 ಯೂರೋ ದಾಟಿರಬೇಕು, ಆಸ್ಟ್ರಿಯಾದಲ್ಲಿ 75, ಇಟಲಿಯಲ್ಲಿ 2024ರ ಫೆಬ್ರವರಿಯಿಂದ 70. ಅದಕ್ಕೂ ಮೊದಲು ಇಟಲಿಯ ಮಿತಿ ಸುಮಾರು 155 ಯೂರೋ ಇತ್ತು. ಹಳೆಯ ಮಾತು ನಂಬಿ ಚೀಟಿ ಕೇಳದೆ ಬರುವವರು ಈಗಲೂ ಇದ್ದಾರೆ. ಚೀಟಿಯಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಅಂಗಡಿಯಲ್ಲೇ ತುಂಬಿಸಿ, ಒಂದು ಅಂಕಿ ತಪ್ಪಿದರೂ ಕೆಲಸ ಕೆಡುತ್ತದೆ. ವಸ್ತು ಬಳಸದ ಸ್ಥಿತಿಯಲ್ಲಿರಬೇಕು. ಜಾಕೆಟ್ ಹಾಕಿಕೊಂಡೇ ಕೌಂಟರಿಗೆ ಹೋಗಬೇಡಿ. ಇಟಲಿಯ ತೆರಿಗೆ ಶೇಕಡಾ 22 ಆದರೂ ಅಷ್ಟೂ ಕೈಗೆ ಬರುವುದಿಲ್ಲ, ನಡುವಿನ ಕಂಪನಿಯ ಪಾಲು ಕಳೆದು ಬರುತ್ತದೆ. ನಗದಾಗಿ ಕೇಳಿದರೆ ಇನ್ನಷ್ಟು ಮುರಿಯುತ್ತಾರೆ. ಸಾಲು ಉದ್ದವಿದ್ದರೆ ಕಾರ್ಡಿಗೆ ಹಾಕಿಸುವುದೇ ಲೇಸು.

ರೋಮಿಗೆ ವಾರದ ಯಾವ ದಿನ ಮುಟ್ಟುತ್ತೀರಿ ಎಂಬುದು ಮುಖ್ಯ. ಬುಧವಾರ ಬೆಳಗ್ಗೆ ಪೋಪ್ ಅವರ ಸಾರ್ವಜನಿಕ ದರ್ಶನವಿದ್ದರೆ ಸೇಂಟ್ ಪೀಟರ್ಸ್ ಬಸಿಲಿಕಾದ ಒಳಗೆ ಹೋಗಲು ಮಧ್ಯಾಹ್ನವೇ ಆಗುತ್ತದೆ. ಭಾನುವಾರ ವ್ಯಾಟಿಕನ್ ಮ್ಯೂಸಿಯಂ ಮುಚ್ಚಿರುತ್ತದೆ, ತಿಂಗಳ ಕೊನೆಯ ಭಾನುವಾರ ಬಿಟ್ಟು. ಬಸಿಲಿಕಾಕ್ಕೆ ಟಿಕೆಟ್ ಇಲ್ಲ, ತಪಾಸಣೆಯ ಸಾಲು ಮಾತ್ರ ಇದೆ. ಭುಜ, ಮೊಣಕಾಲು ಮುಚ್ಚಿರಬೇಕು. ಸೀರೆಯವರಿಗೆ ತೊಂದರೆಯಿಲ್ಲ, ಸೆರಗು ಹೊದ್ದರಾಯಿತು. ಬಾಗಿಲಲ್ಲಿ ಸಿಕ್ಕಿಬೀಳುವುದು ಸೆಕೆಗೆಂದು ಚಡ್ಡಿ ಹಾಕಿ ಬಂದ ಗಂಡಸರು. ನಗರದ ನಡುಭಾಗಕ್ಕೆ ಪ್ರವಾಸಿ ಬಸ್ಸುಗಳಿಗೆ ಕಟ್ಟುನಿಟ್ಟು, ಹಾಗಾಗಿ ಕೊಲೊಸಿಯಂನಿಂದ ಟ್ರೆವಿ ಕಾರಂಜಿ, ಸ್ಪ್ಯಾನಿಶ್ ಮೆಟ್ಟಿಲುಗಳ ತನಕ ಕಾಲ್ನಡಿಗೆಯೇ. ಮೆಟ್ಟಿಲುಗಳ ಮೇಲೆ ಕೂತು ಸುಧಾರಿಸಿಕೊಳ್ಳೋಣವೆಂದರೆ 2019ರಿಂದ ಅದೂ ನಿಷಿದ್ಧ, ದಂಡ 250 ಯೂರೋದಿಂದ ಮೇಲೆ. ನೀರಿಗೆ ಮಾತ್ರ ಹಣ ಸುರಿಯಬೇಕಾಗಿಲ್ಲ. ಬೀದಿ ಬೀದಿಯಲ್ಲಿ ನಾಝೋನಿ ಎಂಬ ಎರಕದ ಕಬ್ಬಿಣದ ನಲ್ಲಿಗಳು ಹಗಲಿರುಳು ಸುರಿಯುತ್ತಿರುತ್ತವೆ. ಕೊಳವೆಯ ಬಾಯಿಯನ್ನು ಬೆರಳಿನಿಂದ ಮುಚ್ಚಿದರೆ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತದೆ, ಬಗ್ಗದೆ ಕುಡಿಯಬಹುದು.

ಜೇಬುಗಳ್ಳರ ಕಾಟ ಟೆರ್ಮಿನಿ ರೈಲು ನಿಲ್ದಾಣದ ಸುತ್ತ, ಮೆಟ್ರೋದಲ್ಲಿ, ಅಲ್ಲಿಂದ ವ್ಯಾಟಿಕನ್ ಕಡೆ ಹೋಗುವ 64ನೇ ನಂಬರಿನ ಬಸ್ಸಿನಲ್ಲಿ ಹೆಚ್ಚು. ದುಡ್ಡು ಹೋದರೆ ಹೋಯಿತು, ಪಾಸ್‌ಪೋರ್ಟ್ ಹೋದರೆ ವಿಮಾನವೇ ಹೋಯಿತು. ಮೊದಲು ಪೊಲೀಸ್ ದೂರು ಬರೆಸಿ ಪ್ರತಿ ಪಡೆಯಬೇಕು. ಆಮೇಲೆ ವಿಯಾ ವೆಂತಿ ಸೆತ್ತೆಂಬ್ರೆ 5ರಲ್ಲಿರುವ ಭಾರತೀಯ ರಾಯಭಾರ ಕಚೇರಿಗೆ ಹೋಗಿ ಎಮರ್ಜೆನ್ಸಿ ಸರ್ಟಿಫಿಕೇಟ್ ಕೇಳಬೇಕು. ಅದು ಭಾರತಕ್ಕೆ ಮರಳುವ ಒಂದೇ ಪ್ರಯಾಣಕ್ಕೆ ಸಲ್ಲುವ ಕಾಗದ. ದೂರಿನ ಪ್ರತಿ, ಪಾಸ್‌ಪೋರ್ಟಿನ ನಕಲು, ಭಾವಚಿತ್ರ ಬೇಕು. ಶುಕ್ರವಾರ ಸಂಜೆ ಕಳೆದರೆ ಕಚೇರಿ ತೆರೆಯುವುದು ಸೋಮವಾರ. ಗಲ್ಫ್‌ನಲ್ಲಿ ವಿಮಾನ ಬದಲಿಸುವವರು ಈ ಕಾಗದದಲ್ಲಿ ಹತ್ತಿಸಿಕೊಳ್ಳುತ್ತಾರೆಯೇ ಎಂದು ವಿಮಾನ ಕಂಪನಿಯನ್ನೂ ಕೇಳಿಕೊಳ್ಳಬೇಕು. ಇನ್ನು ಹೋಟೆಲಿನಲ್ಲೇ ಪಾಸ್‌ಪೋರ್ಟ್ ಉಳಿದುಬಿಡುವ ಸಂಭವವೂ ಇದೆ. ಇಟಲಿಯಲ್ಲಿ ಹೋಟೆಲಿನವರು ಪ್ರತಿ ಅತಿಥಿಯ ಗುರುತು ದಾಖಲಿಸಬೇಕು, ಅದಕ್ಕಾಗಿ ಕಟ್ಟು ಕಟ್ಟಾಗಿ ಪಾಸ್‌ಪೋರ್ಟ್ ತೆಗೆದಿಟ್ಟುಕೊಳ್ಳುತ್ತಾರೆ. ಕೀಲಿ ಸಿಕ್ಕ ಖುಷಿಯಲ್ಲಿ ಲಿಫ್ಟ್ ಹತ್ತಿದವರು ಅದನ್ನು ವಾಪಸು ಕೇಳುವುದು ಎಷ್ಟೋ ಸಲ ಹೊರಡುವ ಬೆಳಗ್ಗೆ.

ಕೊನೆಯ ರಾತ್ರಿಯ ಕೆಲಸ ತೂಕ. ಕೊಕ್ಕೆಯ ಡಿಜಿಟಲ್ ತಕ್ಕಡಿ ತಂಡಕ್ಕೆ ಎರಡಾದರೂ ಬೇಕು, ಒಂದರ ಬ್ಯಾಟರಿ ಆ ದಿನವೇ ಮುಗಿದಿರುತ್ತದೆ. ಹಿಡಿಕೆಗೆ ಕೊಕ್ಕೆ ಸಿಕ್ಕಿಸಿ ಎರಡೂ ಕೈಯಿಂದ ನೇರ ಎತ್ತಿ, ಅಂಕಿ ಮಿಟುಕುವುದು ನಿಲ್ಲುವ ತನಕ ಅಲುಗಾಡದೆ ಹಿಡಿಯಬೇಕು. ಮಂಡಿಗೆ ತಾಗಿಸಿ ಎತ್ತಿದರೆ ಎರಡು ಕೆಜಿ ಕಡಿಮೆ ತೋರಿಸುತ್ತದೆ, ನಿಲ್ದಾಣದ ಕೌಂಟರ್ ಹಾಗೆ ತೋರಿಸುವುದಿಲ್ಲ. ಒಟ್ಟು ಎಷ್ಟೇ ಬಿಟ್ಟಿರಲಿ, ಒಂದೇ ಪೆಟ್ಟಿಗೆ 32 ಕೆಜಿ ದಾಟುವಂತಿಲ್ಲ.

ಟಿಕೆಟ್ ಒಂದೇ ಬುಕಿಂಗೋ ಎರಡೋ ಎಂಬುದನ್ನು ಈ ರಾತ್ರಿ ನೋಡಿದರೆ ತಡವಾಯಿತು, ಆದರೂ ನೋಡಲೇಬೇಕು. ರೋಮಿನಿಂದ ಮುಂಬಯಿಗೆ 30 ಕೆಜಿ ಇದ್ದು, ಮುಂಬಯಿಯಿಂದ ಮಂಗಳೂರಿಗೆ ಬೇರೆ ಟಿಕೆಟ್ ಮಾಡಿದ್ದರೆ ಒಳನಾಡಿನ ಲೆಕ್ಕ ಸಾಮಾನ್ಯವಾಗಿ 15 ಕೆಜಿ. ಉಳಿದ 15ಕ್ಕೆ ಕಟ್ಟುವ ಹಣದಲ್ಲಿ ನೇತ್ರಾವತಿ ರೈಲಿನಲ್ಲಿ ಕಾಸರಗೋಡಿಗೇ ಬಂದು ಇಳಿಯಬಹುದು, ಕೆಲವರು ಹಾಗೆಯೇ ಮಾಡುತ್ತಾರೆ. ಗಲ್ಫ್ ದಾರಿಯಲ್ಲಿ ಎರಡು ಪ್ರತ್ಯೇಕ ಟಿಕೆಟ್ ಇದ್ದರೆ ತೊಡಕು ಇನ್ನೂ ದೊಡ್ಡದು. ರೋಮಿನಲ್ಲಿ ಕೊಟ್ಟ ಪೆಟ್ಟಿಗೆ ಮಂಗಳೂರಿನ ತನಕ ಬರುವುದಿಲ್ಲ. ದುಬೈಯಲ್ಲಿ ಹೊರಗೆ ಹೋಗಿ ಎತ್ತಿಕೊಳ್ಳಬೇಕು, ಅದಕ್ಕೆ ಅಲ್ಲಿಯ ವೀಸಾ ಬೇಕು. ಟಿಕೆಟಿನಲ್ಲಿ ಉಳಿಸಿದ ನಾಲ್ಕು ಸಾವಿರ ಅಲ್ಲೇ ಕರಗುತ್ತದೆ.

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. 20,000 ಎಂಎಎಚ್‌ನದ್ದು ಸುಮಾರು 74 ವ್ಯಾಟ್-ಅವರ್, 100ರ ಮಿತಿಯೊಳಗೆ ಬರುತ್ತದೆ. ಊರಿನಿಂದ ತಂದ ತೆಂಗಿನೆಣ್ಣೆ ಬಾಟಲಿಯ ಕತೆ ಬೇರೆ. ಸ್ವಿಸ್ ಚಳಿಯಲ್ಲಿ ಗಟ್ಟಿಕಟ್ಟಿದ್ದು ರೋಮಿನ ಸೆಕೆಗೆ ನೀರಾಗಿ, ಸಡಿಲ ಮುಚ್ಚಳದಿಂದ ಸೀರೆಗೆ ಇಳಿಯುತ್ತದೆ. ಉಳಿದದ್ದನ್ನು ಚೆಲ್ಲಿ ಬನ್ನಿ. ಚಾಕಲೇಟಿನ ಕೊಕ್ಕೊ ಬೆಣ್ಣೆ ಕರಗುವುದು 34 ಡಿಗ್ರಿಯ ಆಸುಪಾಸು. ಬೇಸಗೆಯಲ್ಲಿ ಗಲ್ಫ್‌ನ ನೆಲದಲ್ಲಿ ಕಾಯುವ ಪೆಟ್ಟಿಗೆಯೊಳಗೆ ಅದು ಉಳಿಯುವುದಿಲ್ಲ, ಕೈಚೀಲದಲ್ಲಿ ಇಡಿ. ಅಡಕೆ ತೋಟದ ನಡುವೆ ಕೊಕ್ಕೊ ಬೆಳೆದು ಕ್ಯಾಂಪ್ಕೊ ಸಹಕಾರಿ ಸಂಸ್ಥೆಗೆ ಹಸಿಬೀಜ ಹಾಕುವವರೇ ನಾಲ್ಕು ಕೆಜಿ ಸ್ವಿಸ್ ಚಾಕಲೇಟು ಹೊತ್ತು ತರುವುದನ್ನು ನೋಡಿದರೆ ಪುತ್ತೂರಿನ ಅದರ ಚಾಕಲೇಟು ಕಾರ್ಖಾನೆಗೆ ಬೇಸರವಾದೀತು, ಇರಲಿ.

ಹೊರಡುವ ಬೆಳಗ್ಗೆ ಮೊದಲು ಹೋಟೆಲಿನ ನಗರ ತೆರಿಗೆ. ಇದು ಕೋಣೆಯ ಬಾಡಿಗೆಯಲ್ಲಿಲ್ಲ, ತಲೆಗೆ ಇಷ್ಟು, ರಾತ್ರಿಗೆ ಇಷ್ಟು ಎಂದು ಬೇರೆ. ರೋಮಿನಲ್ಲಿ ನಾಲ್ಕು ನಕ್ಷತ್ರದ ಹೋಟೆಲಿಗೆ 2023ರ ಅಕ್ಟೋಬರಿನಿಂದ 7.50 ಯೂರೋ. ತಂಡದ ಪ್ಯಾಕೇಜಿನಲ್ಲಿ ಸೇರದಿದ್ದರೆ ಬೆಳಗ್ಗಿನ ಗೌಜಿಯಲ್ಲಿ ಕಟ್ಟಲು ನಿಲ್ಲಬೇಡಿ, ರಾತ್ರಿಯೇ ಮುಗಿಸಿ. ಚಾಲಕನ ಭಕ್ಷೀಸು ಕೂಡ ಹಿಂದಿನ ಸಂಜೆಯೇ, ಲಕೋಟೆಯಲ್ಲಿ. ನಿಲ್ದಾಣದ ಬಾಗಿಲಲ್ಲಿ ಬಸ್ಸಿಗೆ ನಿಲ್ಲಲು ಕೊಡುವ ಹೊತ್ತು ಪೆಟ್ಟಿಗೆ ಇಳಿಸಲೇ ಸಾಲದು. ಸೀಟಿನ ಮುಂದಿನ ಜಾಳಿಗೆ, ತಲೆಮೇಲಿನ ಅಟ್ಟ, ಸೀಟಿನಡಿ ಕೈಯಾಡಿಸಿ ನೋಡಿ. ಬಸ್ಸು ಮರುದಿನ ಬೇರೆ ದೇಶದಲ್ಲಿರುತ್ತದೆ, ಮರೆತ ಫೋನೂ ಅದರ ಜೊತೆಗೆ.

ನಿಲ್ದಾಣದಲ್ಲಿ ಕ್ರಮ ತಪ್ಪಬಾರದು. ತೆರಿಗೆ ಚೀಟಿಯ ವಸ್ತು ದೊಡ್ಡ ಪೆಟ್ಟಿಗೆಯಲ್ಲಿದ್ದರೆ ಮುದ್ರೆ ಮೊದಲು, ಪೆಟ್ಟಿಗೆ ಒಪ್ಪಿಸುವುದು ಆಮೇಲೆ. ತಿರುಗುಮುರುಗಾದರೆ ವಸ್ತು ಬೆಲ್ಟಿನ ಮೇಲೆ ಹೋಗಿರುತ್ತದೆ, ಕೈಯಲ್ಲಿ ಬರೀ ಕಾಗದ. ಗಾಲಿಕುರ್ಚಿ ಬೇಕಾದವರದ್ದು ಕನಿಷ್ಠ 48 ತಾಸು ಮೊದಲು ತಿಳಿಸಿರಬೇಕು, ಅಂದರೆ ಫ್ಲಾರೆನ್ಸಿನಲ್ಲಿರುವಾಗಲೇ. ವಲಸೆ ಕೌಂಟರಿನಲ್ಲಿ 2025ರ ಅಕ್ಟೋಬರ್ 12ರಿಂದ ಹೊಸ ವ್ಯವಸ್ಥೆ ಶುರುವಾಗಿದೆ. ಮುದ್ರೆಯ ಬದಲು ಮುಖದ ಚಿತ್ರ, ಬೆರಳಚ್ಚು. ವರ್ಷಗಟ್ಟಲೆ ಅಡಕೆ ಸುಲಿದು ಬೆರಳ ಗೆರೆ ಸವೆದವರು ಆಧಾರ್ ಯಂತ್ರದ ಮುಂದೆ ಪಡುವ ಪಾಡು ಇಲ್ಲೂ ಬರಬಹುದು, ಅಂಥವರು ಸಾಲಿನ ಹಿಂದೆ ಉಳಿಯದೆ ಬೇಗ ಒಳಗೆ ಹೋಗಲಿ. ವಿಮಾನ ತಡವಾದರೆ ಬೋರ್ಡಿಂಗ್ ಪಾಸ್ ಎಸೆಯಬೇಡಿ. ಒಕ್ಕೂಟದ ನೆಲದಿಂದ ಹೊರಡುವ ವಿಮಾನ ಯಾವ ದೇಶದ್ದಾದರೂ 261/2004 ನಿಯಮ ಅನ್ವಯಿಸುತ್ತದೆ. 3,500 ಕಿಲೋಮೀಟರ್ ಮೀರಿದ ಪ್ರಯಾಣ 4 ತಾಸು ಅಥವಾ ಹೆಚ್ಚು ತಡವಾಗಿ ಮುಟ್ಟಿದರೆ 600 ಯೂರೋ ಪರಿಹಾರ. ಹವಾಮಾನದಂಥ ಕಾರಣಕ್ಕೆ ಮಾತ್ರ ಇಲ್ಲ. ಉಳಿದ ಯೂರೋ ನಾಣ್ಯಗಳನ್ನು ಇಲ್ಲೇ ಕಾಫಿಗೆ ಮುಗಿಸಿ, ಊರಿನ ವಿನಿಮಯ ಅಂಗಡಿಯವರು ನೋಟು ಮಾತ್ರ ಕೊಳ್ಳುತ್ತಾರೆ.

ರೋಮಿನ ಡ್ಯೂಟಿ ಫ್ರೀಯಲ್ಲಿ ಕೊಂಡ ಮದ್ಯದ ಬಾಟಲಿಯ ಮೊಹರು ಹಾಕಿದ ಚೀಲವನ್ನು ಮಂಗಳೂರಿನ ತನಕ ಬಿಚ್ಚಬಾರದು, ಬಿಚ್ಚಿದರೆ ಗಲ್ಫ್‌ನ ತಪಾಸಣೆಯಲ್ಲಿ ಕೈಚೀಲದ ದ್ರವಕ್ಕಿರುವ 100 ಮಿಲಿಲೀಟರಿನ ನಿಯಮಕ್ಕೆ ಬಲಿ. ಭಾರತಕ್ಕೆ ತಲೆಗೆ 2 ಲೀಟರ್ ಸುಂಕವಿಲ್ಲದೆ ತರಬಹುದು. ಬಿಲ್ಲನ್ನು ಬಾಟಲಿಯ ಜೊತೆಗೇ ಇಡಿ. ಬಜ್ಪೆಯ ಕಸ್ಟಮ್ಸ್ ದಾಟಿದ ಮೇಲೂ ಮಂಜೇಶ್ವರದ ಅಬಕಾರಿ ಚೆಕ್‌ಪೋಸ್ಟ್ ಇದೆ. ಮುಂಬಯಿ ದಾರಿಯಲ್ಲಿ ಬರುವವರಿಗೆ ವಲಸೆ, ಕಸ್ಟಮ್ಸ್ ಎರಡೂ ಅಲ್ಲೇ, ಪೆಟ್ಟಿಗೆ ಎತ್ತಿ ಮತ್ತೆ ಕೊಡಬೇಕು. ನಡುವೆ 3 ತಾಸಾದರೂ ಬೇಕು. ಮನೆಗೆ ಕರಕೊಂಡು ಹೋಗುವ ಟ್ರಾವೆಲರ್ ವ್ಯಾನನ್ನು ಕಾಸರಗೋಡಿನ ಕಡೆಯಿಂದಲೇ ತರಿಸಿ, ಗಡಿ ದಾಟುವ ಪರ್ಮಿಟ್ ಇದೆಯೇ ಕೇಳಿ. ಕಾಞಂಗಾಡಿನಿಂದ ತೆಂಕಣವರಿಗೆ ಕಣ್ಣೂರು ನಿಲ್ದಾಣವೂ ಆದೀತು, ಮಂಜೇಶ್ವರ, ಉಪ್ಪಳ, ಪೆರ್ಲದವರಿಗೆ ಮಂಗಳೂರೇ ಹತ್ತಿರ.

ಪೆಟ್ಟಿಗೆ ಬಾರದಿದ್ದರೆ ಅಥವಾ ಗಾಲಿ ಮುರಿದಿದ್ದರೆ ಕಸ್ಟಮ್ಸ್ ಬಾಗಿಲು ದಾಟುವ ಮೊದಲು ವಿಮಾನ ಕಂಪನಿಯ ಕೌಂಟರಿನಲ್ಲಿ ಪಿಐಆರ್ ಎಂಬ ದೂರಿನ ಚೀಟಿ ಬರೆಸಿ. ಹಾನಿಗೆ ಲಿಖಿತ ದೂರು 7 ದಿನದೊಳಗೆ, ತಡವಾಗಿ ಸಿಕ್ಕ ಪೆಟ್ಟಿಗೆಗೆ ಸಿಕ್ಕಂದಿನಿಂದ 21 ದಿನದೊಳಗೆ. ವಿಮೆಯವರು ಮೊದಲು ಕೇಳುವುದೂ ಆ ಚೀಟಿಯನ್ನೇ. ಪ್ಯಾಕೇಜಿನ ಮೇಲೆ ಏಜೆನ್ಸಿ ಹಿಡಿದ ಟಿಸಿಎಸ್ ಎಂಬ ಮುಂಗಡ ತೆರಿಗೆ ನಿಮ್ಮ ಪ್ಯಾನ್ ಸಂಖ್ಯೆಗೆ ಜಮೆಯಾಗಿದೆಯೇ ನೋಡಿಕೊಂಡು, ಆ ವರ್ಷದ ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಕೇಳಿ ಪಡೆಯಿರಿ.